ವಾರ್ಡ್‌ರೋಬಿನ ಹನ್ನೊಂದು ನಿಮಿಷ

ರುದ್ರಮುನಿ ತನ್ನ ಷಡ್ಡಕನ ಹೊಸ ಫ್ಲಾಟಿನ ವಾರ್ಡ್‌ರೋಬಿನೊಳಗೆ ಹೋಗಿ ಬಾಗಿಲು ಸರಿಸಿಕೊಂಡು ಕೂತದ್ದಕ್ಕೆ ಬುಧವಾರ ಬೆಳಿಗ್ಗೆಯ ಹೊತ್ತಿಗೆ ಒಟ್ಟು ಹದಿನಾಲ್ಕು ಕಾರಣಗಳು ಸಿಕ್ಕಿದ್ದವು. ಒಂದೂ ಅವನದಲ್ಲ. ಹದಿನಾಲ್ಕನೆಯದನ್ನು ಈಗಷ್ಟೇ ಕೆಳಮನೆಯ ಮೋಹನ್ ಕುಮಾರ್, ಮೆಟ್ಟಿಲ ತಿರುವಿನಲ್ಲಿ ಹಾಲಿನ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು, ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗಿನ ದನಿಯಲ್ಲಿ ಕೊಟ್ಟಿದ್ದರು. "ತಪ್ ತಿಳ್ಕೋಬೇಡಿ ಸಾರ್. ಈ ವಯಸ್ಸಲ್ಲಿ ಆಗುತ್ತೆ. ಬಾತ್‌ರೂಮ್ ಅಂದ್ಕೊಂಡು ಹೋಗಿದೀರ, ಅಷ್ಟೇ. ಎಲ್ಲಾ ಬಾಗ್ಲಿಗೂ ಒಂದೇ ಕಲರ್ ಲ್ಯಾಮಿನೇಟ್ ಅಂಟಿಸಿದ್ರೆ ಯಾರಿಗ್ ಗೊತ್ತಾಗುತ್ತೆ ಹೇಳಿ?" ರುದ್ರಮುನಿಗೆ ಒಂದು ಕ್ಷಣ ಹೌದೆಂದುಬಿಡುವ ಆಸೆಯಾಯಿತು. ಎಷ್ಟು ಸಲೀಸಾದ ಕಾರಣ, ಎಷ್ಟು ಕರುಣೆಯಿಂದ ಕೊಡುತ್ತಿದ್ದಾರೆ. ತೆಗೆದುಕೊಂಡು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಆದರೆ ಮರುಕ್ಷಣವೇ, ಬಾತ್‌ರೂಮ್ ಅಂದುಕೊಂಡು ಹೋದವನು ಹನ್ನೊಂದು ನಿಮಿಷ ಒಳಗೇ ಇದ್ದ ಎಂದರೆ ಆ ಹನ್ನೊಂದು ನಿಮಿಷ ಏನು ಮಾಡಿದ ಎಂಬ ಪ್ರಶ್ನೆ ಏಳುತ್ತದೆ ಎಂದು ಹೊಳೆದು, "ಇಲ್ಲ ಸಾರ್, ಇಲ್ಲ ಇಲ್ಲ" ಎಂದು ಮೂರು ಸಲ ಹೇಳಿದ. ಮೂರು ಸಲ ಹೇಳಿದ್ದರಿಂದಲೇ ಮೋಹನ್ ಕುಮಾರ್ ಅವರಿಗೆ ಅದು ಖಾತ್ರಿಯಾದದ್ದು ಅವರ ಮುಖದಲ್ಲೇ ಕಂಡಿತು.

ನಡೆದದ್ದು ಇಷ್ಟೇ. ಹಿಂದಿನ ಗುರುವಾರ ಆರ್‌ಪಿಸಿ ಲೇಔಟಿನಲ್ಲಿ ಹೆಂಡತಿಯ ತಂಗಿ ಸೌಂದರ್ಯಾ ಮತ್ತು ಅವಳ ಗಂಡ ಕಲ್ಮೇಶನ ಗೃಹಪ್ರವೇಶ. ಐದನೇ ಮಹಡಿ. ಹಾಲು ಉಕ್ಕಿತ್ತು, ಅಯ್ಯನವರ ಪಾದಪೂಜೆ ಮುಗಿದಿತ್ತು. ಕಲ್ಮೇಶ ಬಂದವರನ್ನೆಲ್ಲ ಕೋಣೆಯಿಂದ ಕೋಣೆಗೆ ಕರೆದೊಯ್ದು ಸ್ವಿಚ್ಚುಗಳನ್ನು ಒತ್ತಿ ತೋರಿಸುತ್ತಿದ್ದ. "ಹೆಂಗಿದೆ ಅಣ್ಣಾ ಮನೆ?" ಎಂದು ಅವನು ಕೇಳಿದ್ದ, ಅವನ ತಮ್ಮ ಕೇಳಿದ್ದ, ಅವನ ತಮ್ಮನ ಮಾವ ಕೇಳಿದ್ದ, ಮನೆ ಯಾರದೆಂದು ಗೊತ್ತಿಲ್ಲದ ಅಡುಗೆಯವನೂ ಕೇಳಿದ್ದ, ರುದ್ರಮುನಿ ಎಲ್ಲರಿಗೂ "ಚೆನ್ನಾಗಿದೆ, ಗಾಳಿ ಬೆಳಕು ಚೆನ್ನಾಗಿದೆ" ಎಂದಿದ್ದ. ಯಾರೋ ಒಬ್ಬರು ಅವನ ಕೈಗೆ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, "ಹಿಡ್ಕೊಂಡಿರಿ, ಬಂದೆ" ಎಂದು ಹೋದವರು ಬರಲೇ ಇಲ್ಲ. ಚಿಪ್ಪು ಹಿಡಿದುಕೊಂಡು ದೊಡ್ಡ ಮಲಗುವ ಕೋಣೆಗೆ ಬಂದ. ಕೋಣೆಯಲ್ಲಿ ಯಾರೂ ಇರಲಿಲ್ಲ. ವಾರ್ಡ್‌ರೋಬಿನ ಬಾಗಿಲು ಸರಿಸಿದ. ಒಳಗೆ ತಾನಾಗಿಯೇ ಒಂದು ದೀಪ ಹತ್ತಿತು. ಉದ್ದ ಸೀರೆಗಳನ್ನು ತೂಗುಹಾಕಲು ಬಿಟ್ಟ ಖಾನೆ ಖಾಲಿ ಇತ್ತು, ಹೊಸ ಪ್ಲೈವುಡ್ಡಿನ ವಾಸನೆ ಇತ್ತು. ಒಂದು ಕಾಲು ಒಳಗಿಟ್ಟ. ಇನ್ನೊಂದು ಕಾಲು ಹೊರಗೆ ಒಂದೇ ಇರಲಾರದೆ ಹಿಂದೆ ಬಂತು. ಕೂತ. ಬಾಗಿಲು ಸರಿಸಿದ. ಕತ್ತಲಾಯಿತು. ಅಲ್ಲಿ ಯಾರೂ ಮನೆ ಹೇಗಿದೆ ಎಂದು ಕೇಳಲಿಲ್ಲ. ಎರಡು ಬಾಳೆಹಣ್ಣು ತಿಂದ.

ಹನ್ನೊಂದು ನಿಮಿಷದ ಮೇಲೆ ಬಾಗಿಲು ಸರಿಯಿತು. ಎದುರಿಗೆ ಅಯ್ಯನವರು, ಏಕಾಂತಯ್ಯ, ಕೈಯಲ್ಲಿ ಪಾದೋದಕದ ತಂಬಿಗೆ, ಪತ್ರೆಯ ಎಸಳು. ಪಕ್ಕದಲ್ಲಿ, ತನ್ನ ರೇಷ್ಮೆ ಸೀರೆಗಳು ಇರುವ ಜಾಗಕ್ಕೂ ಎರಡು ಹನಿ ಬೀಳಲಿ ಎಂದು ತಾನೇ ಬಾಗಿಲು ತೆರೆದ ಸೌಂದರ್ಯಾ. ಹಿಂದೆ ಹನ್ನೆರಡೋ ಹದಿಮೂರೋ ಹೆಂಗಸರು. ಅಯ್ಯನವರ ಕೈ ಆಗಲೇ ಬೀಸಿಬಿಟ್ಟಿತ್ತು. ನೀರು ರುದ್ರಮುನಿಯ ಕನ್ನಡಕದ ಮೇಲೆ ಬಿತ್ತು. ಇಲ್ಲಿಯವರೆಗಿನದನ್ನಾದರೂ ಕ್ಷಮಿಸಬಹುದಿತ್ತೇನೋ. ಆದರೆ ಅಯ್ಯನವರು, ತಂಬಿಗೆ, ಪತ್ರೆ ಕಣ್ಣಿಗೆ ಬಿದ್ದದ್ದೇ ಅವನ ಬಲಗೈ, ತಿಳಿವಳಿಕೆ ಬಂದಾಗಿನಿಂದ ಮಾಡಿಕೊಂಡು ಬಂದ ಅಭ್ಯಾಸದಂತೆ, ಎಡಗೈ ಮೇಲೆ ಕೂತು ಬೊಗಸೆಯಾಗಿ ಮುಂದೆ ಚಾಚಿತು. ಅಯ್ಯನವರ ಕೈಗೂ ಅದರದೇ ಅಭ್ಯಾಸ. ಒಂದು ಉದ್ಧರಣೆ ನೀರು ಹಾಕಿದರು. ರುದ್ರಮುನಿ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡ. ಏಕಾಂತಯ್ಯನವರು ಮುಂದಿನ ಕೋಣೆಗೆ ಹೋದರು. ಹೆಂಗಸರು ಹೋಗಲಿಲ್ಲ. "ಭಾವ?" ಎಂದಳು ಸೌಂದರ್ಯಾ. ಅವನು ಮಡಿಲಲ್ಲಿದ್ದ ಚಿಪ್ಪನ್ನು ಎತ್ತಿ ಅವಳಿಗೆ ಕೊಟ್ಟ. ಅದರಲ್ಲಿ ಎರಡು ಹಣ್ಣಿನ ಜಾಗದಲ್ಲಿ ಸಿಪ್ಪೆ ಮಾತ್ರ ನೇತಾಡುತ್ತಿತ್ತು.

ವಾಪಸು ಬರುವಾಗ ಆಟೋದಲ್ಲಿ ಹೆಂಡತಿ ಕುಸುಮಾ ಬಸವೇಶ್ವರನಗರ ಬಂದ ಮೇಲೆ ಕೇಳಿದ್ದಳು. "ಯಾಕ್ರೀ?" "ಗೊತ್ತಿಲ್ಲ ಕಣೇ." "ಗೊತ್ತಿಲ್ಲ ಅಂದ್ರೆ?" "ಗೊತ್ತಿಲ್ಲ. ಸುಮ್ನೆ." "ಸುಮ್ನೆ ಯಾರಾದ್ರೂ ವಾರ್ಡ್‌ರೋಬಲ್ಲಿ ಹೋಗಿ ಕೂತ್ಕೊತಾರಾ?" "ಇಲ್ಲ ಮೇಡಂ" ಎಂದಿದ್ದ ಆಟೋದವನು, ಕನ್ನಡಿಯಲ್ಲಿ ನೋಡುತ್ತಾ. ಅದಾದ ಮೇಲೆ ಅವಳು ಮಾತು ಬಿಟ್ಟಳು. ಕುಸುಮಾ ವಿಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎಂದೂ ಮುಖ ನೋಡದವರ ಎರಡು ಹನಿ ನೋಡಿ ಒಳಗೇನಿದೆ ಎಂದು ಬರೆದುಕೊಡುತ್ತಾಳೆ. ಇಪ್ಪತ್ಮೂರು ವರ್ಷ ಜೊತೆಗಿರುವವನ ಒಳಗೇನಿತ್ತು ಎಂದು ತಂಗಿ ಫೋನು ಮಾಡಿ ಕೇಳಿದರೆ ಅವಳ ಹತ್ತಿರ ಉತ್ತರವಿರಲಿಲ್ಲ. ತಂಗಿ ನಂಬಲಿಲ್ಲ. "ನಿಂಗೊತ್ತು ಅಕ್ಕ, ಮುಚ್ಚಿಡ್ತಾ ಇದೀಯ. ಕಾರಣ ಹೇಳೋವರ್ಗೂ ನಮ್ಮನೆ ಬಾಗ್ಲು ತುಳೀಬೇಡಿ ಇಬ್ರೂ" ಎಂದು ಇಟ್ಟುಬಿಟ್ಟಿದ್ದಳು. ಅವಮಾನ ಎರಡಾಗಿತ್ತು: ಗಂಡ ವಾರ್ಡ್‌ರೋಬಿನಲ್ಲಿ ಕೂತದ್ದು ಒಂದು, ಹೆಂಡತಿಗೆ ಯಾಕೆಂದು ಗೊತ್ತಿಲ್ಲದ್ದು ಇನ್ನೊಂದು. ಎರಡನೆಯದೇ ಹೆಚ್ಚು ಉರಿಯುತ್ತಿದೆ ಎಂಬುದು ರುದ್ರಮುನಿಗೆ ಅವಳು ತಟ್ಟೆ ಇಡುವ ಸದ್ದಿನಲ್ಲಿ ತಿಳಿಯುತ್ತಿತ್ತು.

ಮೆಟ್ಟಿಲು ಹತ್ತಿ ಒಳಗೆ ಬಂದರೆ ದೋಸೆ ಆಗುತ್ತಿತ್ತು. ಅತ್ತೆ ಬಸವ್ವ, ರಾಣೆಬೆನ್ನೂರು ಬಿಟ್ಟು ಮೂವತ್ತು ವರ್ಷವಾದರೂ ಅಲ್ಲಿನ ಮಾತು ಬಿಡದವಳು, ಮೇಜಿನ ಮುಂದೆ ಕೂತು ಚಟ್ನಿಯನ್ನು ಬೆರಳಿಂದ ದೂರ ತಳ್ಳುತ್ತಿದ್ದಳು. ಜ್ಞಾನಭಾರತಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವ ಮಗಳು ತನ್ಮಯಿ ಫೋನಿನಿಂದ ತಲೆ ಎತ್ತಿ, "ಅಪ್ಪಾ, ಬೇಜಾರ್ ಮಾಡ್ಕೋಬೇಡ, ನಿನ್ನನ್ನ ಡೇಟಾ ಮಾಡ್ಕೊಂಡಿದೀನಿ" ಎಂದಳು.

"ಏನ್ ಮಾಡ್ಕೊಂಡಿದೀಯ?"

"ಡೇಟಾ. ಸೆಮಿನಾರ್ ಇದೆಯಲ್ಲ. ಯಾರೋ ಒಬ್ರು ಏನೋ ಮಾಡಿದ್ನ ಇಂಗ್ಲಿಷ್‌ನೋರು ಬಿಕಾಸ್ ಹಾಕಿ ಹೆಂಗೆ ವಿವರಿಸ್ತಾರೆ ಅಂತ ಟಾಪಿಕ್ಕು. ನಾನು ಹೋಲಿಸೋಕೆ ನಮ್ಮನೆಯೋರದ್ದು ತಗೊಂಡೆ. ಫಾರಂ ಕಳ್ಸಿದೀನಿ ಎಲ್ರಿಗೂ. ರುದ್ರಮುನಿಯವರು ವಾರ್ಡ್‌ರೋಬಿನೊಳಗೆ ಹೋದರು, ಯಾಕೆಂದರೆ, ಡ್ಯಾಶ್."

ರುದ್ರಮುನಿ ಕೂತುಕೊಂಡ. ಮಗಳು ಪಾಠ ಹೇಳುವ ಹುರುಪಿನಲ್ಲಿದ್ದಳು. "ನೋಡು, ಎರಡು ದಾರಿ ಇದೆ. ಈಗ ಅಜ್ಜಿ ಚಟ್ನಿ ಬೇಡ ಅಂದ್ರು. 'ಚಟ್ನಿ ಖಾರ ಇದೆ, ಅದಕ್ಕೆ ಬೇಡ ಅಂದ್ರು' ಅಂದ್ರೆ ನಾನು ಅಜ್ಜಿ ತಲೆ ಒಳಗೆ ಹೋಗಿ ನಿಂತು ಹೇಳ್ದಂಗೆ. 'ಅಜ್ಜಿ ಹಠಮಾರಿ, ಅದಕ್ಕೆ ಬೇಡ ಅಂದ್ರು' ಅಂದ್ರೆ ಬೆನ್ನ ಹಿಂದೆ ನಿಂತು ಹೇಳ್ದಂಗೆ. ಇನ್ನು 'ಚಟ್ನಿ ಖಾರ ಇದೆ ಅಂತ ಅಂದ್ಕೊಂಡು ಬೇಡ ಅಂದ್ರು' ಅಂದ್ರೆ, ತಲೆ ಒಳಗೇನೋ ಹೋದೆ, ಆದ್ರೆ ಖಾರ ಇಲ್ಲ, ಅಜ್ಜಿದೇ ತಪ್ಪು ಅಂತ."

"ಖಾರನ ಐತಿ" ಎಂದಳು ಬಸವ್ವ.

"ಇಂಗ್ಲಿಷ್‌ನೋರು ತಮ್ಮದನ್ನ ಹೇಳ್ಕೊಳೋವಾಗ ಹೆಚ್ಚು ತಲೆ ಒಳಗಿಂದಾನೇ ಹೇಳ್ತಾರಂತೆ. ಬೇರೆಯೋರ ವಿಷ್ಯ ಬಂದಾಗ ಬೆನ್ನ ಹಿಂದಕ್ಕೆ ಹೋಗೋದು ಜಾಸ್ತಿ. ಬೇಕಾದೋರಾದ್ರೆ ಮತ್ತೆ ಒಳಗೆ ಹೋಗ್ತಾರೆ."

"ಕಾರಣಾನೇ ಇಲ್ದಿದ್ರೆ?"

ತನ್ಮಯಿ ಯೋಚಿಸಿದಳು. "ಆ ಆಪ್ಶನ್ ಇಟ್ಟಿಲ್ಲಪ್ಪ."

ಕುಸುಮಾ ಟಿಫಿನ್ ಬಾಕ್ಸನ್ನು ಗಂಡನ ಮುಂದೆ ಇಟ್ಟು, ಮಗಳ ಕಡೆ ನೋಡಿ, "ನಿಮ್ಮಪ್ಪಂಗೆ ಹೇಳು, ಭಾನುವಾರ ಸೌಂದು ಮನೆಗೆ ಹೋಗ್ತೀವಿ. ಕಾರಣ ರೆಡಿ ಇಟ್ಕೊಂಡಿರ್ಬೇಕು" ಎಂದಳು. ಅವಳಿಂದ ಮೂರು ಅಡಿ ದೂರದಲ್ಲಿದ್ದ ರುದ್ರಮುನಿ ತಲೆಯಾಡಿಸಿದ. ಅವಳು ಮಗಳನ್ನೇ ಕೇಳಿದಳು: "ಏನಂದ್ರು?" "ಆಯ್ತು ಅಂದ್ರು" ಎಂದಳು ತನ್ಮಯಿ.

ಕಾರಣ ರೆಡಿ ಇಡುವುದೇ ಅವನ ಉದ್ಯೋಗ ಎಂಬುದು ಈ ಅವಸ್ಥೆಯಲ್ಲಿ ಎಲ್ಲಕ್ಕಿಂತ ನಾಚಿಕೆಯ ವಿಷಯ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ನೀರಿನ ಪಂಪುಗಳಿಗೆ ರಬ್ಬರ್ ಸೀಲು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಕ್ವಾಲಿಟಿ ನೋಡಿಕೊಳ್ಳುವವನು. ಮಾಲು ತಿರಸ್ಕೃತವಾಗಿ ಬಂದಾಗಲೆಲ್ಲ 'ವೈ-ವೈ', ಅಂದರೆ 'ಯಾಕೆ-ಯಾಕೆ', ಎಂಬ ಫಾರಂ ತುಂಬಬೇಕು. ಅದರಲ್ಲಿ ಐದು ಚೌಕಗಳು. ಮೊದಲ ಚೌಕದಲ್ಲಿ ಯಾಕೆ ಹೀಗಾಯಿತು, ಯಾಕೆಂದರೆ ಹಾಗಾಯಿತು. ಎರಡನೆಯದರಲ್ಲಿ ಯಾಕೆ ಹಾಗಾಯಿತು, ಯಾಕೆಂದರೆ ಇನ್ನೊಂದಾಯಿತು. ಹೀಗೆ ಐದು ಮೆಟ್ಟಿಲು ಇಳಿದರೆ ಬುಡದಲ್ಲಿ ಮೂಲ ಕಾರಣ ಕೂತಿರಬೇಕು. ಒಂದೇ ನಿಯಮ: ಕೊನೆಯ ಚೌಕದಲ್ಲಿ ಮನುಷ್ಯನ ಗುಣ ಬರೆಯಬಾರದು. ಕೆಲಸದವನು ಬೇಜವಾಬ್ದಾರಿ ಎಂದು ಬರೆದರೆ ಆಡಿಟಿನವರು ಫಾರಂ ವಾಪಸು ಎಸೆಯುತ್ತಾರೆ. ಹಾಗಾಗಿ ಕೊನೆಯ ಚೌಕದಲ್ಲಿ ಯಾವಾಗಲೂ ಒಂದು ವಸ್ತು ಇರುತ್ತದೆ: ಮಂಕಾದ ಟ್ಯೂಬ್‌ಲೈಟು, ಬಣ್ಣ ಬಳಿಯದ ಟ್ರೇ, ತೂಗುಹಾಕದ ಡ್ರಾಯಿಂಗು. ಇಪ್ಪತ್ತೆರಡು ವರ್ಷ ಹೀಗೆ ಬರೆದು ಬರೆದು ಲೋಕದಲ್ಲಿ ಮನುಷ್ಯರೆಲ್ಲ ನಿರಪರಾಧಿಗಳು, ಟ್ಯೂಬ್‌ಲೈಟುಗಳೇ ದುಷ್ಟರು ಎಂದು ಅವನಿಗೆ ಹೆಚ್ಚುಕಡಿಮೆ ನಂಬಿಕೆ ಬಂದಿತ್ತು.

ಆ ಬುಧವಾರವೂ ಒಂದು ಫಾರಂ ಕಾದಿತ್ತು. ಮುನಿರಾಜು, ಹನ್ನೆರಡು ವರ್ಷದಿಂದ ಒಂದೂ ತಪ್ಪು ಮಾಡದ ಕೆಲಸಗಾರ, ಮಂಗಳವಾರ ಇಡೀ ಒಂದು ಟ್ರೇ ಸೀಲುಗಳನ್ನು ತಲೆಕೆಳಗು ಕೂರಿಸಿದ್ದ. ರುದ್ರಮುನಿ ಪೆನ್ನಿನ ಮುಚ್ಚಳ ತೆಗೆದು, "ಯಾಕೆ ಮುನಿರಾಜು?" ಎಂದ.

"ಸುಮ್ನೆ ಸಾರ್."

"ಸುಮ್ನೆ ಅಂದ್ರೆ ಏನಯ್ಯಾ?"

ಮುನಿರಾಜು ತನ್ನ ಎರಡೂ ಕೈಗಳನ್ನು ಎತ್ತಿ, ಬೇರೆಯವರ ಮಕ್ಕಳನ್ನು ನೋಡುವಂತೆ ನೋಡಿದ. "ಕೈ ಹೋಯ್ತು ಸಾರ್. ನಾನೂ ಜೊತೇಲಿ ಹೋದೆ."

ರುದ್ರಮುನಿ ಪೆನ್ನು ಕೆಳಗಿಟ್ಟ. ಎಷ್ಟು ನಿಜ. ತಾನು ಆಟೋದಲ್ಲಿ ಹೇಳಬೇಕಿದ್ದದ್ದು ಇದೇ: ಕಾಲು ಹೋಯ್ತು ಕಣೇ, ನಾನೂ ಜೊತೇಲಿ ಹೋದೆ. ಎದ್ದು ಇವನನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು. ಅಪ್ಪಿಕೊಂಡರೆ ಅದಕ್ಕೂ ಯಾಕೆಂದು ಯಾರಾದರೂ ಕೇಳುತ್ತಾರೆ ಎಂದು ಕೂತೇ ಇದ್ದ. ಹನ್ನೆರಡು ವರ್ಷ ಸರಿಯಾಗಿ ಕೂರಿಸಿದ್ದಕ್ಕೆ ಯಾಕೆ ಕೂರಿಸಿದೆ ಎಂದು ಯಾರೂ ಇವನನ್ನು ಕೇಳಿಲ್ಲ. ತಾನೂ ಅಷ್ಟೇ, ಐವತ್ತೊಂದು ವರ್ಷ ವಾರ್ಡ್‌ರೋಬುಗಳ ಹೊರಗೇ ನಿಂತಿದ್ದೇನೆ, ಒಬ್ಬರೂ ಕಾರಣ ಕೇಳಲಿಲ್ಲ. ಫಾರಮ್ಮಿನ ಐದನೇ ಚೌಕದಲ್ಲಿ ಟ್ಯೂಬ್‌ಲೈಟ್ ಮಂಕಾಗಿದ್ದುದರಿಂದ ಎಂದು ಬರೆದ. "ಲೈಟ್ ಚೆನ್ನಾಗೇ ಇದೆ ಸಾರ್" ಎಂದ ಮುನಿರಾಜು, ಮೇಲೆ ನೋಡಿ. "ನೀನ್ ಸುಮ್ನಿರು ಮಾರಾಯ" ಎಂದ ರುದ್ರಮುನಿ. ಹೊಸ ಟ್ಯೂಬ್‌ಲೈಟು ಹಾಕಿಸಲು ಚೀಟಿಯನ್ನೂ ಬರೆದ.

ಊಟದ ಹೊತ್ತಿನಲ್ಲಿ ತನ್ಮಯಿ ಕಳಿಸಿದ ಉತ್ತರಗಳನ್ನು ಫೋನಿನಲ್ಲಿ ಓದಿದ. ಹೆಸರು ಮುಚ್ಚಿದ್ದೇನೆ ಎಂದಿದ್ದಳು. ಆದರೆ ಹೆಸರಿಗಿಂತ ಕಾರಣವೇ ಯಾರದೆಂದು ಕೂಗಿ ಹೇಳುತ್ತಿತ್ತು. 'ಅವರು ಏನು ಕಂಡರೂ ಫಿನಿಶಿಂಗ್ ಚೆಕ್ ಮಾಡುವ ಮನುಷ್ಯ ಆಗಿರುವುದರಿಂದ' ಎನ್ನುವುದು ಕಲ್ಮೇಶ. ಬೆನ್ನ ಹಿಂದೆ ನಿಂತಿದ್ದಾನೆ, ಆದರೆ ಬೆನ್ನು ತಟ್ಟುತ್ತಿದ್ದಾನೆ. 'ಮೊದಲಿನಿಂದಲೂ ನಮ್ಮ ಏಳಿಗೆ ಕಂಡರೆ ಅವರಿಗೆ ಆಗದೇ ಇರುವುದರಿಂದ' ಎಂಬುದು ಸೌಂದರ್ಯಾ. ಅವಳು ಬೆನ್ನ ಹಿಂದೆ ಬಲು ದೂರ, ಮದುವೆಯ ವರ್ಷದವರೆಗೂ ಹೋಗಿಬಿಟ್ಟಿದ್ದಾಳೆ. ಕಲ್ಮೇಶನ ತಮ್ಮ 'ಒಳಗೆ ಸಿಗ್ನಲ್ ಚೆನ್ನಾಗಿ ಬರುತ್ತೆ ಅಂದುಕೊಂಡು' ಎಂದಿದ್ದ. ಯಾರೋ ಒಬ್ಬರು, ಪ್ರಾಯಶಃ ಕಲ್ಮೇಶನ ತಮ್ಮನ ಮಾವ, 'ಶನಿಕಾಟ' ಎಂದಷ್ಟೇ ಬರೆದಿದ್ದರು. ಬಸವ್ವ ಮೊಮ್ಮಗಳ ಕೈಲಿ ಬರೆಸಿದ್ದಳು: 'ಹಸದಿದ್ರು. ಕಪಾಟಿನ್ಯಾಗ ಕುಂತು ತಿಂದ್ರ ಯಾರೂ ಕೇಳೂದಿಲ್ಲಂತ ಹ್ವಾದ್ರು.' ರುದ್ರಮುನಿಯ ಕಣ್ಣು ತುಂಬಿತು. ಎಪ್ಪತ್ತೆಂಟರ ಮುದುಕಿ, ಕಷ್ಟಪಟ್ಟು, ಮಂಡಿನೋವು ಇಟ್ಟುಕೊಂಡು ಅಳಿಯನ ತಲೆಯ ಒಳಗೆ ಹೋಗಿ ನಿಂತು ನೋಡಿ ಬಂದಿದ್ದಾಳೆ. ತಪ್ಪೇ ಇರಬಹುದು, ಆದರೂ ಹೋಗಿದ್ದಾಳೆ. ಕೊನೆಗೆ ಕುಸುಮಾಳದನ್ನು ಹುಡುಕಿದ. ಹಿಂದಿನ ದಿನ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ, ಲ್ಯಾಬಿನ ಬಿಡುವಿನಲ್ಲಿ, ಒಂದು ಉತ್ತರ ಬಂದಿತ್ತು. ಅದರಲ್ಲಿ ಒಂದು ಚುಕ್ಕಿ ಇತ್ತು. ಖಾಲಿ ಬಿಟ್ಟರೆ ಫಾರಂ ಹೋಗುವುದಿಲ್ಲವೆಂದು ಚುಕ್ಕಿ ಒತ್ತಿ ಕಳಿಸಿದ್ದಾಳೆ. ಚಪಾತಿ ಬಾಯಲ್ಲೇ ನಿಂತಿತು. ಅವಳು ಒಳಗೂ ಬಂದಿಲ್ಲ, ಬೆನ್ನ ಹಿಂದೆಯೂ ನಿಂತಿಲ್ಲ. ಬಾಗಿಲ ಹತ್ತಿರ ಬಂದು, ತಟ್ಟದೆ, ಅಲ್ಲೇ ಇದ್ದಾಳೆ.

ಸಂಜೆ ಹಾವನೂರು ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ಕಾಯುತ್ತ ಸ್ಕೂಟರಿನ ಮೇಲೆ ಕೂತಿದ್ದಾಗ ಅವನಿಗೆ ತನ್ನದೇ ಒಂದು ಕಾರಣ ಹೊಳೆಯಿತು. ದೀಪ! ಬಾಗಿಲು ತೆಗೆದಾಗ ಒಳಗೆ ದೀಪ ಹತ್ತಿತ್ತಲ್ಲ. ಬಾಗಿಲು ಮುಚ್ಚಿದಾಗ ಅದು ಆರುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹೊರಗೆ ನಿಂತು ತಿಳಿಯಲು ಸಾಧ್ಯವೇ ಇಲ್ಲ, ಒಳಗೇ ಹೋಗಬೇಕು. ಕ್ವಾಲಿಟಿಯವನು, ಪರೀಕ್ಷೆ ಮಾಡಿದ, ಮುಗಿಯಿತು. ಹಿಂದಿನವರು ಹಾರ್ನ್ ಹೊಡೆಯುವವರೆಗೂ ಅವನು ಆ ಕಾರಣವನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಎಲ್ಲಿಯೂ ಬಿರುಕಿರಲಿಲ್ಲ. ಅಷ್ಟು ಚೆನ್ನಾಗಿದ್ದದ್ದೇ ಅನುಮಾನಕ್ಕೆ ಎಡೆಯಾಯಿತು. ಟ್ಯೂಬ್‌ಲೈಟಿನ ಕಾರಣಗಳೂ ಹೀಗೇ ನುಣುಪಾಗಿರುತ್ತವೆ. ಅಂದು ಒಳಗೆ ಕಾಲಿಡುವಾಗ ದೀಪದ ಯೋಚನೆ ಇತ್ತೇ, ಅಥವಾ ಇವತ್ತು ಸಿಗ್ನಲ್ಲಿನಲ್ಲಿ ಹುಟ್ಟಿ ಹಿಂದಕ್ಕೆ ಹೋಗಿ ಕೂತಿತೇ? ಮನೆಗೆ ಬಂದವನೇ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲನ್ನು ತೆರೆದು, ಸ್ವಲ್ಪ ಸ್ವಲ್ಪವೇ ಮುಚ್ಚುತ್ತ, ಉಳಿದ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದ. ಹಿಂದಿನಿಂದ ಬಸವ್ವನ ದನಿ ಬಂತು. "ಅಳಿಯಂದ್ರ, ಅದರಾಗ ಹೋಗಬ್ಯಾಡ್ರಿ. ಥಂಡಿ ಹತ್ತತೈತಿ."

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗಂಡ ಹೆಂಡತಿ ಆರ್‌ಪಿಸಿ ಲೇಔಟಿನ ಐದನೇ ಮಹಡಿಯ ಸೋಫಾದಲ್ಲಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ್ದರಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತ, ಕೂತಿದ್ದರು. ಕಲ್ಮೇಶ ನೆಲ ನೋಡುತ್ತಿದ್ದ. ಸೌಂದರ್ಯಾ ಕಾಫಿ ಕೊಟ್ಟಿರಲಿಲ್ಲ. "ಹೇಳಿ ಭಾವ" ಎಂದಳು. ರುದ್ರಮುನಿ ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿಕೊಂಡು ಬಂದದ್ದನ್ನು ಹೇಳಿದ: ದೀಪ, ಬಾಗಿಲು, ಆರುತ್ತದೋ ಇಲ್ಲವೋ. ಕಲ್ಮೇಶನ ಮುಖ ಅರಳಿತು. "ನಾ ಹೇಳ್ಲಿಲ್ವೇನೇ? ಅಣ್ಣ ಚೆಕ್ ಮಾಡಿದಾರೆ! ಆರುತ್ತಾ ಅಣ್ಣಾ?" "ಆರುತ್ತೆ" ಎಂದ ರುದ್ರಮುನಿ. "ನೋಡಿದ್ಯಾ!" ಎಂದ ಕಲ್ಮೇಶ.

ಸೌಂದರ್ಯಾ ಇಬ್ಬರನ್ನೂ ನೋಡಿದಳು. "ದೀಪ ಆರಿದ್ಯೋ ಇಲ್ವೋ ನೋಡೋಕೆ ಹನ್ನೊಂದು ನಿಮಿಷ ಬೇಕಾ ಭಾವ? ಬಾಳೆಹಣ್ಣಿನ ಕೈಲಿ ಚೆಕ್ ಮಾಡಿದ್ರಾ? ನಮ್ಮತ್ತೆ ಕಡೆಯೋರೆಲ್ಲ ನಿಂತಿದ್ರು ನನ್ನ ಹಿಂದೆ. ಇವತ್ತಿಗೂ ನನ್ನ ನೋಡಿದ್ರೆ ಬಾಯಿಗೆ ಸೆರಗು ಅಡ್ಡ ಇಟ್ಕೊತಾರೆ."

ರುದ್ರಮುನಿ ಹೆಂಡತಿಯ ಕಡೆ ನೋಡಿದ. ಕುಸುಮಾ ಕಣ್ಣೆತ್ತದೆ ಸೀರೆಯ ಅಂಚನ್ನು ಮಡಿಸುತ್ತಿದ್ದಳು. ಅವಳಿಗೆ ದೀಪದ ಮಾತು ಮೊದಲ ಶಬ್ದಕ್ಕೇ ಸುಳ್ಳೆಂದು ಗೊತ್ತಾಗಿತ್ತು. ಆ ಬಗ್ಗಿದ ತಲೆಯನ್ನು ನೋಡಿದ ಮೇಲೆ ಅವನಿಂದ ಸಾಧ್ಯವಾಗಲಿಲ್ಲ. "ಇಲ್ಲಮ್ಮ ಸೌಂದರ್ಯಾ. ದೀಪಕ್ಕಲ್ಲ. ಯಾಕ್ ಹೋದೆ ಅಂತ ನಂಗೊತ್ತಿಲ್ಲ. ನಿಮ್ಮ ಮೇಲೆ ಏನೂ ಇಲ್ಲ. ಹೊಟ್ಟೇಲಿ ಏನೂ ಇಟ್ಕೊಂಡಿಲ್ಲ. ಕತ್ಲಾಗಿತ್ತು, ಚೆನ್ನಾಗಿತ್ತು, ಕೂತಿದ್ದೆ. ಅಷ್ಟೇ. ತಪ್ಪಾಯ್ತು" ಎಂದ. ಹೇಳಿ ಮುಗಿಸುವಷ್ಟರಲ್ಲಿ ಸೋಫಾದಿಂದ ಪೂರ್ತಿ ಜಾರಿ ಅರ್ಧ ನಿಂತಂತಾಗಿದ್ದ.

"ಅಂದ್ರೆ ಹೇಳಲ್ಲ" ಎಂದಳು ಸೌಂದರ್ಯಾ. "ಆಯ್ತು ಅಕ್ಕ. ನೀವ್ ಹೊರಡಿ."

ಆಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಎರಡನೇ ಮಹಡಿಯ ಅಂಜಮ್ಮ, ದಪ್ಪ ಕುಂಕುಮ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ತೆಂಗಿನಕಾಯಿ. "ಬರ್ಲಾಮ್ಮ?" ಎನ್ನುತ್ತಲೇ ಒಳಗೆ ಬಂದು ರುದ್ರಮುನಿಯನ್ನು ಕಂಡವರು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಎರಡೂ ಕೈ ಮುಗಿದರು. "ಅಯ್ಯೋ ದೇವ್ರೇ, ಯಜಮಾನ್ರು ಇಲ್ಲೇ ಇದಾರಲ್ಲ! ನಾ ಅಡ್ರೆಸ್ ಕೇಳಣಾಂತ ಬಂದೆ."

"ಯಾವ ಯಜಮಾನ್ರು ಆಂಟಿ?" ಎಂದಳು ಸೌಂದರ್ಯಾ.

"ಅದೇನಮ್ಮ, ಅವತ್ತು ಒಳಗೆ ಕೂತಿದ್ರಲ್ಲ. ಕತ್ಲೆ ಮನೇಲಿ ದೊಡ್ಡೋರ್ನ ಕೂರ್ಸಿ, ಸ್ವಾಮ್ಗೋಳು ಬಂದು ಬಾಗ್ಲು ತೆಗ್ದು ತೀರ್ಥ ಕೊಡ್ತಾರಲ್ಲ, ನಿಮ್ಮೋರ ಶಾಸ್ತ್ರ. ನಮ್ಮಲ್ಲಿ ಇಲ್ಲ ಅದು. ನಾ ಹಿಂದೆ ನಿಂತಿದ್ದೆ, ಮೈ ಜುಮ್ ಅಂತು. ಉಪವಾಸ ಬಿಟ್ಟು ಹಣ್ಣೂ ತಿಂದಿದ್ರು, ಸಿಪ್ಪೆ ನೋಡ್ದೆ. ನಮ್ ಹುಡುಗಂದು ನಂದಿನಿ ಲೇಔಟಲ್ಲಿ ಬರೋ ಶುಕ್ರವಾರ ಗೃಹಪ್ರವೇಶ. ಜಾತಿ ಗೀತಿ ಅನ್ಬೇಡಿ ಸಾರ್, ಒಳ್ಳೇದು ಯಾರ್ದಾದ್ರೇನು. ಬಂದು ನಮ್ಮನೇಲೂ ಕೂತ್ಕೋಬೇಕು. ಮೂರು ಬಾಗಿಲಿನ ವಾರ್ಡ್‌ರೋಬು. ನಿಮಗೆ ಯಾವ ಬಾಗ್ಲು ಬೇಕೋ ಅದು."

ರುದ್ರಮುನಿ ಸೌಂದರ್ಯಾಳ ಮುಖ ನೋಡಿದ. ಅದರ ಮೇಲೆ ಸಿಟ್ಟು, ಗಲಿಬಿಲಿ, ನಗು ಒಂದಾದ ಮೇಲೊಂದು ಹಾದುಹೋಗಿ, ಕೊನೆಗೆ ಬೇರೊಂದು ಬಂದು ಗಟ್ಟಿಯಾಗಿ ಕೂತಿತು. ಅವಳು ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. "ನಮ್ಮ ಭಾವ ಆಂಟಿ. ಅಕ್ಕನ ಯಜಮಾನ್ರು. ಎಲ್ಲಾ ಕಡೆ ಹೋಗಲ್ಲ ಅವರು. ನಮ್ಮನೆ ಅಂತ ಬಂದಿದ್ರು" ಎಂದಳು. ಆಮೇಲೆ ಅವನ ಕಡೆ ತಿರುಗಿ, ಹತ್ತು ದಿನದ ವಿಷವನ್ನೆಲ್ಲ ಬಿಟ್ಟ ದನಿಯಲ್ಲಿ, "ಭಾವ, ಇದೊಂದ್ ಸಲ ಒಪ್ಕೊಳಿ. ಬೇಕಾದೋರು" ಎಂದಳು. ಅಂಜಮ್ಮ ಬಗ್ಗಿ ಕಾಲು ಮುಟ್ಟಿದರು. ಕಲ್ಮೇಶನೂ, ಯಾವುದಕ್ಕೂ ಇರಲಿ ಎಂದು, ಬಗ್ಗಿದ. ಕಾಫಿ ಬಂತು. ಕಾಫಿಯ ಜೊತೆ ನಿಪ್ಪಟ್ಟೂ ಬಂತು. ಅಂಜಮ್ಮ ಹೋದ ಮೇಲೆ ಸೌಂದರ್ಯಾ ಅಕ್ಕನ ಹೆಗಲ ಮೇಲೆ ತಲೆ ಇಟ್ಟು ಮೈ ಕುಲುಕಿಸಿ ಕುಲುಕಿಸಿ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. ಕುಸುಮಾ ಅವಳ ಬೆನ್ನು ಸವರಿದಳು, ನಗಲಿಲ್ಲ.

ಸ್ಕೂಟರಿನಲ್ಲಿ ಹಿಂದೆ ಕೂತವಳು ಮೊದಲ ಬಾರಿಗೆ ನೇರವಾಗಿ ಅವನಿಗೇ ಹೇಳಿದಳು. "ಅಂಜಮ್ಮಂಗೆ ಕಾರಣ ಸಿಕ್ತು. ಸೌಂದೂಗೂ ಸಿಕ್ತು. ಎಲ್ರಿಗೂ ಸಾಕಾಯ್ತು." ಒಂದು ಹಂಪು ದಾಟಿದ ಮೇಲೆ ಸೇರಿಸಿದಳು: "ನಂಗೆ?" ಅವನು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟಿನಲ್ಲಿ ಕಾಣುವುದಿಲ್ಲ, ಮಾತಾಡಿದರೆ ಕೇಳಿಸುವುದಿಲ್ಲ. ಎರಡೂ ಅಲ್ಲದ್ದನ್ನು, ಸ್ವಲ್ಪ ನಿಧಾನವಾಗಿ ಓಡಿಸುವುದನ್ನು, ಮಾಡಿದ.

ಶುಕ್ರವಾರ ನಂದಿನಿ ಲೇಔಟಿನಲ್ಲಿ ಎಲ್ಲಕ್ಕೂ ಕಾರಣವಿತ್ತು. ಒಳಗೆ ಹೋಗಲು ಹತ್ತೂ ಇಪ್ಪತ್ತರ ಮುಹೂರ್ತವಿತ್ತು, ಕೊರಳಿಗೆ ಸೇವಂತಿಗೆ ಹಾರವಿತ್ತು, ಕೂರಲು ಮಣೆ, ಮಣೆಯ ಕೆಳಗೆ ರಂಗೋಲಿ, ಕೈಯಲ್ಲಿ ಹನ್ನೆರಡು ಬಾಳೆಹಣ್ಣಿನ ಪೂರ್ತಿ ಚಿಪ್ಪು. ಸೌಂದರ್ಯಾ ಮುಂದೆ ನಿಂತು ಹೀಗಲ್ಲ ಹಾಗೆ ಎಂದು ಇಲ್ಲದ ಶಾಸ್ತ್ರವನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದಳು. ಬಾಗಿಲು ಮುಚ್ಚಿತು. ರುದ್ರಮುನಿ ಕತ್ತಲಲ್ಲಿ ಕಾದ. ಏನೂ ಬರಲಿಲ್ಲ. ಮಂಡಿ ನೋಯಿತು, ಹಾರದ ದಾರ ಕುತ್ತಿಗೆಯನ್ನು ಕೆರೆಯಿತು, ಹೊರಗೆ ಯಾರೋ ಪಿಸುಗುಟ್ಟುವುದು ಕೇಳಿಸಿತು: "ಯಾಕಮ್ಮ ಅವ್ರನ್ನ ಒಳಗೆ ಹಾಕಿರೋದು?" ಅಂಜಮ್ಮ ವಿವರಿಸುತ್ತಿದ್ದರು. ಯಾಕೆ ಎಂದು ಗೊತ್ತಿದ್ದುಕೊಂಡು ಕೂರುವುದು ಎಷ್ಟು ಕಷ್ಟ ಎಂದು ಅವನಿಗೆ ಅಳು ಬಂದಂತಾಯಿತು; ಕಾರ್ಖಾನೆಯಲ್ಲಿ ಕೂತಂತೆ, ಸೋಫಾದಲ್ಲಿ ಕೂತಂತೆ. ಆ ಹನ್ನೊಂದು ನಿಮಿಷ ಇನ್ನು ಸಿಗುವುದಿಲ್ಲ. ಹೊರಗೆ ಪೂಜೆ ಮಾಡಿಸುವವರು ಕರೆದರೆಂದು ಹೆಜ್ಜೆಗಳೆಲ್ಲ ನಡುಮನೆಯ ಕಡೆ ಸರಿದವು. ಕೋಣೆ ಖಾಲಿಯಾದದ್ದು ತಿಳಿಯಿತು.

ಆಗ ಬಾಗಿಲು ಒಂದು ಗೇಣು ತೆರೆಯಿತು. ಬೆಳಕಿನ ಜೊತೆ ಒಂದು ಸೀರೆಯ ಅಂಚು ಒಳಗೆ ಬಂತು, ಆಮೇಲೆ ಒಂದು ಕಾಲು, ಆಮೇಲೆ ಕುಸುಮಾ. ಅವಳು ಬಗ್ಗಿ, ಹಾರಕ್ಕೆ ತಲೆ ತಗಲದಂತೆ ಸುಧಾರಿಸಿಕೊಂಡು, ನೆರಿಗೆಗಳನ್ನು ಒಳಗೆಳೆದುಕೊಂಡು, ಬಾಗಿಲು ಮುಚ್ಚಿದಳು. ಅವಳ ಕೈಯಿಂದ ಲ್ಯಾಬಿನ ಸ್ಪಿರಿಟ್ಟಿನ ವಾಸನೆ ಬಂತು. ಉಸಿರು ಮಾತ್ರ ಕೇಳಿಸುತ್ತಿತ್ತು, ಮೊದಲು ಮೇಲುಸಿರು, ಆಮೇಲೆ ಮೆಲ್ಲಗೆ. ರುದ್ರಮುನಿಯ ನಾಲಿಗೆಯ ತುದಿಯವರೆಗೂ ಒಂದು ಪ್ರಶ್ನೆ ಬಂತು. ಅದನ್ನು ನುಂಗಿಕೊಂಡು, ಮಣೆಯ ಮೇಲೆ ಆ ಕಡೆಗೆ ಸರಿದು, ಅವಳಿಗೆ ಜಾಗ ಮಾಡಿಕೊಟ್ಟ.